ಅಟ್ಟದಲ್ಲಿ ಹಳೇ ರೇಡಿಯೊ ಸಿಕ್ಕಿದೆ, ಹಿಂದೆ 105–125 ವೋಲ್ಟ್ ಅಂತ ಇದೆ. ಪ್ಲಗ್ ಹಾಕಬಹುದಾ?

ಮೂಲೆಶೆಲ್ಫ್
ಎಲ್ಲರಿಗೂ ನಮಸ್ಕಾರ. ಸೋದರಮಾವನ ಅಟ್ಟ ಖಾಲಿ ಮಾಡುವಾಗ ಒಂದು ಹಳೇ ರೇಡಿಯೊ ಸಿಕ್ಕಿತು. ಮಾವ ಈಗಿಲ್ಲ. ಇದನ್ನು ಅವರು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಅತ್ತೆ ನೀನೇ ಇಟ್ಟುಕೋ ಅಂದರು.

ಶೂ ಡಬ್ಬಕ್ಕಿಂತ ಸ್ವಲ್ಪ ದೊಡ್ಡದು. ಕಡುಕಂದು ಬೇಕಲೈಟ್, ಮೇಲಿನ ಅಂಚು ದುಂಡಗೆ. ಎಡಕ್ಕೆ ಅಡ್ಡಪಟ್ಟಿಗಳ ಜಾಲರಿ, ಬಲಕ್ಕೆ ಗಡಿಯಾರದ ಮುಖದಂಥ ಡಯಲ್, ಕೆಳಗೆ ಎರಡು ತಿರುಗುಗುಂಡಿ. ಒಂದು ಗುಂಡಿ ಕಳೆದುಹೋಗಿದೆ, ಅಲ್ಲಿ ಬರೀ ಲೋಹದ ಕಡ್ಡಿ ಕಾಣುತ್ತದೆ. ಎತ್ತಿದರೆ ಆಶ್ಚರ್ಯ ಆಗುವಷ್ಟು ಹಗುರ. ಹಿಂದಿನ ರಟ್ಟಿನ ಮೇಲೆ "105–125 ವೋಲ್ಟ್, ಎಸಿ ಅಥವಾ ಡಿಸಿ, 30 ವ್ಯಾಟ್" ಅಂತ ಅಚ್ಚಾಗಿದೆ. ಬಟ್ಟೆ ಸುತ್ತಿದ ವೈರು, ಎರಡು ಚಪ್ಪಟೆ ಕಡ್ಡಿಯ ಪ್ಲಗ್.

ನಮ್ಮ ಮನೆಗೆ ಬರುವುದು 230 ವೋಲ್ಟ್. ಬರೀ ಪ್ಲಗ್ ಅಡಾಪ್ಟರ್ ಹಾಕಿ ಚುಚ್ಚಿದರೆ ನಡೆಯುತ್ತದಾ? ಎಸಿ ಅಥವಾ ಡಿಸಿ ಅಂದರೆ ಏನರ್ಥ? ಇನ್ನೊಂದು, ಬೇಕಲೈಟ್ ಮೇಲೆ ಧೂಳು ಗಟ್ಟಿಯಾಗಿ ಕೂತಿದೆ, ಹೊಳಪು ಬರಿಸಲು ಏನು ಹಚ್ಚಬೇಕು? ಶೆಲ್ಫಿನಲ್ಲಿ ಸುಮ್ನೆ ಇಡುವುದಕ್ಕಿಂತ ಒಮ್ಮೆ ಅದರ ದನಿ ಕೇಳಬೇಕು ಅಂತ ಆಸೆ.

ಬೆಸುಗೆಕಡ್ಡಿ
ಬೇಡ. ನೇರ ಚುಚ್ಚಲೇಬೇಡಿ. ಬರೆದು ಮುಗಿಸುವಷ್ಟರಲ್ಲಿ ನೀವು ಚುಚ್ಚಿಬಿಡಬಾರದು ಅಂತ ಮೊದಲು ಇಷ್ಟು ಹಾಕುತ್ತಿದ್ದೇನೆ.

ಬೆಸುಗೆಕಡ್ಡಿ
ಈಗ ಕಾರಣ. ಹಗುರ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಇದರೊಳಗೆ ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲ. ಐದು ವಾಲ್ವ್‌ಗಳ (ಟ್ರಾನ್ಸಿಸ್ಟರ್ ಬರುವ ಮುಂಚಿನ ಗಾಜಿನ ಕೊಳವೆಗಳು) ಹೀಟರ್‌ಗಳನ್ನು, ಅಂದರೆ ಒಳಗೆ ಕಾಯುವ ತಂತಿಗಳನ್ನು, ಸರಪಳಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿ ನೇರ ಕರೆಂಟಿಗೇ ಕಟ್ಟಿರುತ್ತಾರೆ. ಇಂಥ ಅಮೆರಿಕನ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ ಇದು: 12ಬಿಇ6, 12ಬಿಎ6, 12ಎವಿ6, 50ಸಿ5, 35ಡಬ್ಲ್ಯೂ4. ಹೆಸರಿನ ಮೊದಲ ಅಂಕಿಯೇ ಹೀಟರ್ ವೋಲ್ಟೇಜ್. 12 ಅಂದರೆ ಸರಿಯಾಗಿ 12.6. ಕೂಡಿಸಿ ನೋಡಿ: 12.6 ಮೂರು ಸಲ, ಮೇಲೆ 50, ಮೇಲೆ 35. ಒಟ್ಟು 122.8. ಅಂದರೆ ಆ ದೇಶದ ಮನೆಯ ಕರೆಂಟಿಗೆ ಹೊಂದುವ ಹಾಗೆ ವಾಲ್ವ್‌ಗಳನ್ನೇ ಮಾಡಿಬಿಟ್ಟಿದ್ದರು. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ಅಲ್ವಾ?

ಸರಪಳಿಯಲ್ಲಿ ಹರಿಯುವುದು 0.15 ಆಂಪಿಯರ್. ಬರೀ ಹೀಟರ್‌ಗಳಿಗೇ ಸುಮಾರು 18 ವ್ಯಾಟ್ ಹೋಗುತ್ತದೆ. ಉಳಿದದ್ದು ದನಿ ಹೊರಡಿಸುವ ಕೆಲಸಕ್ಕೆ.

230 ಕೊಟ್ಟರೆ ವೋಲ್ಟೇಜ್ ಎರಡು ಪಟ್ಟು. ವೋಲ್ಟೇಜ್ ಎರಡು ಪಟ್ಟಾದರೆ ವ್ಯಾಟ್ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಹೀಟರ್ ತಂತಿ ಕಡಿಯುತ್ತದೆ. ಒಳಗೆ ಫಿಲ್ಟರ್ ಕೆಪಾಸಿಟರ್ ಇರುತ್ತದೆ, ಕರೆಂಟ್ ತುಂಬಿಟ್ಟುಕೊಂಡು ಏರಿಳಿತ ಸಮ ಮಾಡುವ ಭಾಗ. ಅದರ ಮೇಲೆ 150 ವೋಲ್ಟ್ ಅಂತ ಬರೆದಿರುತ್ತದೆ. 230ರ ತುದಿ ವೋಲ್ಟೇಜ್, ಅಂದರೆ ಅಲೆ ಏರುವ ಗರಿಷ್ಠ ಮಟ್ಟ, 325. ಕೆಪಾಸಿಟರ್ ಸಿಡಿಯುತ್ತದೆ.

ಎಸಿ ಅಥವಾ ಡಿಸಿ ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಕರೆಂಟ್ (ಎಸಿ), ಒಂದೇ ದಿಕ್ಕಿಗೆ ಹರಿಯುವ ಕರೆಂಟ್ (ಡಿಸಿ), ಎರಡರಲ್ಲೂ ನಡೆಯುತ್ತದೆ ಅಂತ. ಆಗ ಎಷ್ಟೋ ಊರುಗಳಲ್ಲಿ ಮನೆಗೆ ಡಿಸಿ ಕರೆಂಟೇ ಬರುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟನ್ನು ಡಿಸಿಗೆ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಅದಿಲ್ಲದ ಸೆಟ್ಟಿಗೆ ಆ ಭಯ ಇಲ್ಲ.

ಹೊಸಹುಡುಗ
ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದರೆ ಸಾಕಲ್ವಾ? ಅರ್ಧ ಅಲೆ ಕತ್ತರಿಸಿದರೆ 230 ಅರ್ಧ ಆಗಿ 115 ಆಗುತ್ತದೆ. ಖರ್ಚೂ ಇಲ್ಲ.

ಲೆಕ್ಕಿಗ
ಆಗಲ್ಲ ತಮ್ಮಾ. ಅರ್ಧ ಅಲೆ ಕತ್ತರಿಸಿದರೆ ವ್ಯಾಟ್ ಅರ್ಧ ಆಗುತ್ತದೆ, ವೋಲ್ಟೇಜ್ ಅಲ್ಲ. ಬಿಸಿ ಮಾಡುವ ಲೆಕ್ಕದಲ್ಲಿ 230ನ್ನು 1.414ರಿಂದ ಭಾಗಿಸಬೇಕು, 163 ಬರುತ್ತದೆ. 163 ಕೂಡ ಆ ಹೀಟರ್‌ಗಳಿಗೆ ತುಂಬಾ ಜಾಸ್ತಿ. ಅದಕ್ಕಿಂತ ಮುಖ್ಯ, ತುದಿ ವೋಲ್ಟೇಜ್ ಹಾಗೇ 325 ಉಳಿಯುತ್ತದೆ. ಕೆಪಾಸಿಟರ್ ತುಂಬಿಕೊಳ್ಳುವುದು ತುದಿಯ ತನಕ.

ಹೊಸಹುಡುಗ
ಓ, ಸರಾಸರಿ ಬೇರೆ, ಬಿಸಿ ಲೆಕ್ಕ ಬೇರೆ. ಗೊತ್ತಾಯ್ತು ಸರ್.

ತಂತಿಬೇಲಿ
ಪ್ರವಾಸಕ್ಕೆ ಒಯ್ಯುವ ಪುಟ್ಟ ವೋಲ್ಟೇಜ್ ಕನ್ವರ್ಟರ್ ಬರುತ್ತದಲ್ಲ, ಅಂಗೈ ಅಗಲದ್ದು, 1600 ವ್ಯಾಟ್ ಅಂತ ಬರೆದಿರುವುದು. ಅದನ್ನೂ ಹಾಕಬೇಡಿ. ಅದು ಕೂದಲು ಒಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆಯಂಥ ಬಿಸಿ ಸಾಮಾನಿಗೆ ಮಾತ್ರ. ಅಲೆಯನ್ನು ತುಂಡು ಮಾಡುತ್ತದೆ ಅಷ್ಟೇ. ಲೆಕ್ಕಿಗರು ಹೇಳಿದ ತೊಂದರೆಯೇ ಇಲ್ಲೂ ಇದೆ.

ಮೂಲೆಶೆಲ್ಫ್
ಹಾಗಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದರೆ ಆಯ್ತಾ? 30 ವ್ಯಾಟಿಗೆ ಎಷ್ಟು ದೊಡ್ಡದು ಬೇಕು?

ಬೆಸುಗೆಕಡ್ಡಿ
50 ವಿಎ (ವೋಲ್ಟ್-ಆಂಪಿಯರ್, ಇಲ್ಲಿ ವ್ಯಾಟ್ ಅಂತಲೇ ಅಂದುಕೊಳ್ಳಿ) ಸಾಕು, 100 ಇದ್ದರೆ ನೆಮ್ಮದಿ. ಆದರೆ ಯಾವ ಥರದ್ದು ಅನ್ನುವುದು ಗಾತ್ರಕ್ಕಿಂತ ಮುಖ್ಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಸೆಟ್ಟಿನಲ್ಲಿ ಕರೆಂಟಿನ ಒಂದು ತಂತಿ ನೇರವಾಗಿ ಲೋಹದ ಚಾಸಿಗೆ (ಭಾಗಗಳನ್ನೆಲ್ಲ ಕೂರಿಸಿರುವ ತಗಡಿನ ಚೌಕಟ್ಟು), ಇಲ್ಲದಿದ್ದರೆ ಒಂದು ಕೆಪಾಸಿಟರ್ ಮೂಲಕ ಚಾಸಿಗೆ ಸೇರಿರುತ್ತದೆ. ಹಳೇ ಪ್ಲಗ್‌ನ ಎರಡೂ ಕಡ್ಡಿ ಒಂದೇ ಅಗಲ. ತಿರುಗಿಸಿ ಚುಚ್ಚಿದರೆ ಫೇಸ್ ಚಾಸಿಗೆ ಬಂತು. ಅದಕ್ಕೇ ಡಬ್ಬ ಪೂರ್ತಿ ಬೇಕಲೈಟ್, ಗುಂಡಿಗಳು ಪ್ಲಾಸ್ಟಿಕ್, ಹಿಂದೆ ರಟ್ಟು. ಕೈಗೆ ಲೋಹ ಎಲ್ಲೂ ಸಿಗಬಾರದು ಅನ್ನುವ ಲೆಕ್ಕ. ನಿಮ್ಮದರಲ್ಲಿ ಒಂದು ಗುಂಡಿ ಇಲ್ಲ, ಕಡ್ಡಿ ಹೊರಗೆ ಕಾಣುತ್ತದೆ ಅಂದಿರಿ. ಆ ಕಡ್ಡಿ ಚಾಸಿಗೆ ಸೇರಿದೆ. ಮುಟ್ಟಿದರೆ ಮುಟ್ಟಿದ ಹಾಗೆಯೇ ಶಾಕ್. ಗುಂಡಿ ಹಾಕುವ ತನಕ ಸೆಟ್ಟಿಗೆ ಕರೆಂಟ್ ಕೊಡಬೇಡಿ.

ಮಾರುವ ಸಣ್ಣ ಸ್ಟೆಪ್‌ಡೌನ್‌ಗಳಲ್ಲಿ ತುಂಬಾ ಆಟೊ ಟ್ರಾನ್ಸ್‌ಫಾರ್ಮರ್‌ಗಳು. ಒಂದೇ ಸುರುಳಿ, ನಡುವೆ ಒಂದು ಕವಲು. ವೋಲ್ಟೇಜ್ ಇಳಿಯುತ್ತದೆ, ಆದರೆ ಮನೆ ಕರೆಂಟಿನ ಸಂಬಂಧ ಕಡಿಯುವುದಿಲ್ಲ. ನಿಮಗೆ ಬೇಕಾದದ್ದು ಎರಡು ಬೇರೆ ಸುರುಳಿ ಇರುವ ಐಸೊಲೇಶನ್ ಥರದ್ದು, 230ರಿಂದ 115ಕ್ಕೆ. ಯಾವುದಕ್ಕೂ ಸಿಕ್ಕಿಸದೆ ಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿ ಒಳಬರುವ ಪ್ಲಗ್‌ಗೆ, ಇನ್ನೊಂದು ಕಡ್ಡಿ ಹೊರಹೋಗುವ ಸಾಕೆಟ್‌ಗೆ ಹಿಡಿದು ನೋಡಿ. ಕಡಿಮೆ ಓಮ್ ತೋರಿಸಿದರೆ ಆಟೊ. ಏನೂ ತೋರಿಸದಿದ್ದರೆ ಸುರುಳಿಗಳು ಬೇರೆ ಬೇರೆ.

ಗಿರಕಿ
ಗುಂಡಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೆಲವು ಗುಂಡಿಗಳ ಬದಿಯಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ಕಡ್ಡಿಗೆ ಕಚ್ಚಿ ಹಿಡಿಯುವುದಕ್ಕೆ. ಆ ಸ್ಕ್ರೂ ತಲೆಯೂ ಚಾಸಿಗೆ ಸೇರಿದ ಹಾಗೆಯೇ. ಹಳೇ ಕಾರ್ಖಾನೆಯವರು ಆ ತೂತಿಗೆ ಮೇಣ ತುಂಬುತ್ತಿದ್ದರು. ಸ್ವಚ್ಛ ಮಾಡುವವರು ಅದು ಕೊಳೆ ಅಂದುಕೊಂಡು ಪಿನ್ನಿನಿಂದ ಕೆದಕಿ ತೆಗೆಯುತ್ತಾರೆ. ತೆಗೆಯಬೇಡಿ. ಹೋಗಿದ್ದರೆ ಮತ್ತೆ ತುಂಬಿ.

ಹಸಿರುಕಣ್ಣು
ನನ್ನ ಹತ್ತಿರ ಇರುವುದು ಪೂರ್ತಿ ಬೇರೆ ಜಾತಿ. 1950ರ ದಶಕದ ಕೊನೆಯ ಯುರೋಪಿಯನ್ ಸೆಟ್. ಮರದ ಡಬ್ಬ, ಕನ್ನಡಿಯ ಹಾಗೆ ಹೊಳೆಯುವ ಅರಗು, ಕೆಳಗೆ ಪಿಯಾನೊ ಮನೆಯಂಥ ಬಿಳಿ ಗುಂಡಿಗಳ ಸಾಲು, ಜಾಲರಿ ಬಟ್ಟೆಯಲ್ಲಿ ಬಂಗಾರದ ಎಳೆ. ಎತ್ತಲು ಎರಡೂ ಕೈ ಬೇಕು. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್. ಹಿಂದೆ ಒಂದು ದುಂಡು ತಿರುಗಣಿ, ಅದರಲ್ಲಿ 110, 125, 145, 220, 245 ಅಂತ ಗುರುತು.

ಸ್ಟೇಶನ್ ಸರಿ ಕೂತಿದೆಯಾ ಅಂತ ಹಸಿರು ಬೆಳಕಿನಲ್ಲಿ ತೋರಿಸುವ ವಾಲ್ವ್, ಇದರ ಮ್ಯಾಜಿಕ್ ಐ ಬಗ್ಗೆ ಹೇಳದೆ ಇರಲಾರೆ. ಹಾಕಿದ ಕೂಡಲೇ ಏನೂ ಇಲ್ಲ. ಅರ್ಧ ನಿಮಿಷದೊಳಗೆ ಕತ್ತಲ ಗಾಜಿನಲ್ಲಿ ಮೊದಲು ಮಬ್ಬು ಹಸಿರು, ಆಮೇಲೆ ಎರಡು ರೆಕ್ಕೆ. ಸ್ಟೇಶನ್ ಹತ್ತಿರ ಬಂದ ಹಾಗೆ ರೆಕ್ಕೆಗಳು ಒಂದಕ್ಕೊಂದು ಸರಿಯುತ್ತವೆ. ಸರಿಯಾಗಿ ಕೂತಾಗ ನಡುವಿನ ಕತ್ತಲು ಒಂದು ಗೆರೆಯಷ್ಟು ಉಳಿಯುತ್ತದೆ. ಕಿವಿಗಿಂತ ಮೊದಲು ಕಣ್ಣಿಗೆ ಗೊತ್ತಾಗುತ್ತದೆ. ರಾತ್ರಿ ದೀಪ ಆರಿಸಿ ಕೂತರೆ ಬೇರೇನೂ ಬೇಡ.

ನನ್ನ ಪ್ರಶ್ನೆ: ಈಗ 220ಕ್ಕೆ ಇಟ್ಟಿದ್ದೇನೆ. 245ಕ್ಕೆ ಹಾಕಬೇಕಾ?

ಲೆಕ್ಕಿಗ
ಸಾಕೆಟ್‌ನಲ್ಲಿ ಎಷ್ಟಿದೆ ಅಂತ ಮೊದಲು ಅಳೆಯಿರಿ. 220ರ ಗುರುತಿನಲ್ಲಿ 240 ಬಂದರೆ 6.3 ವೋಲ್ಟ್ ಹೀಟರಿಗೆ 6.87 ಹೋಗುತ್ತದೆ, ಶೇಕಡಾ 9 ಜಾಸ್ತಿ. ದನಿಯ ಕೆಲಸಕ್ಕೆ ವಾಲ್ವ್‌ಗಳಿಗೆ ಹೋಗುವ ಮೇಲಿನ 250 ವೋಲ್ಟ್ 273 ಆಗುತ್ತದೆ. ನಡೆಯುತ್ತದೆ, ಆದರೆ ವಾಲ್ವ್ ಬೇಗ ಸವೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿ. 245ಕ್ಕೆ ಇಟ್ಟು 230 ಬಂದರೆ ಹೀಟರಿಗೆ 5.9. ದನಿ ಸ್ವಲ್ಪ ತಗ್ಗಬಹುದು, ಸೆಟ್ಟಿಗೆ ಹಿತ. ನಾನಾಗಿದ್ದರೆ 245.

ಹಸಿರುಕಣ್ಣು
ಅಳೆದೆ. 238. ತಿರುಗಣಿ 245ಕ್ಕೆ ಹಾಕಿದೆ. ದನಿಯಲ್ಲಿ ವ್ಯತ್ಯಾಸ ನನಗಂತೂ ಕೇಳಿಸಲಿಲ್ಲ.

ಗಿರಕಿ
ಮ್ಯಾಜಿಕ್ ಐ ಉಳಿಸಿಕೊಳ್ಳಿ ಮೇಡಂ. ಆರ್‌ಸಿಎ ಕಂಪನಿ 1935ರಲ್ಲಿ 6ಇ5 ಅಂತ ಮೊದಲು ತಂದದ್ದು. ಉರಿದಷ್ಟೂ ಹಸಿರು ಮಂಕಾಗುತ್ತ ಹೋಗುತ್ತದೆ, ಮತ್ತೆ ಬರುವುದಿಲ್ಲ. ಕೆಲವರು ಅದಕ್ಕೊಂದು ಸಣ್ಣ ಸ್ವಿಚ್ ಹಾಕಿ ಟ್ಯೂನ್ ಮಾಡುವಾಗ ಮಾತ್ರ ಬೆಳಗಿಸುತ್ತಾರೆ.

ಮರದಪುಡಿ
ಮೂಲೆಶೆಲ್ಫ್ ಅವರ ಹೊಳಪಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಡಬ್ಬಗಳ ಕೆಲಸವನ್ನೇ ಮಾಡುವವಳು.

ಬೇಕಲೈಟ್ ಅಂದರೆ ಬರೀ ರಾಳ ಅಲ್ಲ, ಒಳಗೆ ನುಣ್ಣನೆ ಮರದ ಪುಡಿ ಕಲೆಸಿರುತ್ತಾರೆ. ಮೇಲಿನ ಹೊಳಪಿನ ಪದರ ತೆಳು. ಅದನ್ನು ಉಜ್ಜಿ ಕಿತ್ತರೆ ಒಳಗಿನ ಮರದ ಪುಡಿ ಬಯಲಾಗಿ ಮಂಕು ಹಿಡಿಯುತ್ತದೆ. ಆದ್ದರಿಂದ ಮರಳು ಕಾಗದ ಬೇಡ, ಪಾತ್ರೆ ಉಜ್ಜುವ ತಂತಿ ಬೇಡ, ನೀರಿನಲ್ಲಿ ನೆನೆಹಾಕುವುದೂ ಬೇಡ. ಚಾಸಿ ಹೊರಗೆ ತೆಗೆದು, ಒದ್ದೆ ಬಟ್ಟೆಗೆ ಒಂದು ಹನಿ ಸೋಪು ಹಾಕಿ ಒರೆಸಿ, ಕೂಡಲೇ ಒಣಗಿಸಿ. ಆಮೇಲೆ ಲೋಹದ ಪಾಲಿಶ್ ಸ್ವಲ್ಪವೇ ಮೆತ್ತನೆ ಬಟ್ಟೆಗೆ ತಗೊಂಡು ಮೃದುವಾಗಿ ಸುತ್ತಿ. ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ, ಅದು ಹಳೇ ಪದರ. ಕೊನೆಗೆ ಮೇಣ.

ಡಯಲ್ ಗಾಜಿನ ವಿಷಯ ಬೇರೆ. ಅದನ್ನು ನಾನು ಕಣ್ಣೀರಿಟ್ಟು ಕಲಿತೆ. ಒಂದು ದೊಡ್ಡ ಸೆಟ್ಟಿನ ಗಾಜಿನ ಮೇಲೆ ಊರುಗಳ ಹೆಸರು ಸಾಲಾಗಿ ಇದ್ದವು. ಹಿಲ್ವರ್ಸಮ್, ಲಕ್ಸಂಬರ್ಗ್, ಆಥ್ಲೋನ್. ಒಳಬದಿಯಲ್ಲಿ ಧೂಳಿತ್ತು. ಒದ್ದೆ ಹತ್ತಿಯಿಂದ ಒಂದೇ ಸಲ ಎಳೆದೆ. ಹತ್ತಿ ನೋಡಿದರೆ ಅದರ ಮೇಲೆ ಬಂಗಾರ ಬಣ್ಣದ ಅಕ್ಷರ, ಗಾಜು ಬೋಳು. ಹೆಸರುಗಳನ್ನು ಬರೆದಿರುವುದು ಗಾಜಿನ ಹಿಂಬದಿಗೆ, ಹಳೇ ಬಣ್ಣ ನೀರಿಗೇ ಎದ್ದು ಬರುತ್ತದೆ. ಅಲ್ಲಿಗೆ ಒಣ ಕುಂಚ ಮಾತ್ರ, ಅದೂ ತೀರಾ ಮೆತ್ತನೆಯದು.

ಹಸಿರುಕಣ್ಣು
ಅಯ್ಯೋ. ಓದಿಯೇ ಸಂಕಟ ಆಯ್ತು.

ನಾಕನೇಬ್ಯಾಂಡ್
ಅಕ್ಕ, ನನ್ನ ಮರದ ಡಬ್ಬದ ಮೇಲೆ ಇರುವುದು ಶೆಲ್ಯಾಕಾ (ಅರಗಿನ ಪಾಲಿಶ್) ಲ್ಯಾಕರಾ ಹೇಗೆ ತಿಳಿಯುವುದು?

ಮರದಪುಡಿ
ಕಾಣದ ಜಾಗ, ಅಂದರೆ ತಳದ ಅಂಚು ಹುಡುಕಿ. ಸ್ಪಿರಿಟ್ ಒಂದು ಹನಿ ಕಿವಿ ಕಡ್ಡಿಯಲ್ಲಿ ಮುಟ್ಟಿಸಿ. ಅಂಟಂಟು ಆದರೆ ಶೆಲ್ಯಾಕ್. ಆಗದಿದ್ದರೆ ಥಿನ್ನರ್ ಮುಟ್ಟಿಸಿ, ಅದಕ್ಕೆ ಕರಗಿದರೆ ಲ್ಯಾಕರ್.

ತಂತಿಬೇಲಿ
ಬೆಸುಗೆಕಡ್ಡಿ ಅವರು ಡಬ್ಬ ಯಾಕೆ ಬೇಕಲೈಟ್ ಅಂತ ಹೇಳಿದ್ದು ನನಗೆ ತುಂಬಾ ಹಿಡಿಸಿತು. ನನ್ನ ಮಟ್ಟಿಗೆ ಹಳೇ ರೇಡಿಯೊ ಹೇಗೆ ಕಾಣುತ್ತದೆ ಅನ್ನುವುದಕ್ಕೂ ಅದು ಎಂಥ ಕರೆಂಟ್ ಕುಡಿಯುತ್ತದೆ ಅನ್ನುವುದಕ್ಕೂ ಬಿಡದ ನಂಟು. ಅಲಂಕಾರ ಆಮೇಲಿನ ಮಾತು.

1920ರ ದಶಕದ ಸೆಟ್ ನೋಡಿ. ಉದ್ದನೆ ಮರದ ಪೆಟ್ಟಿಗೆ, ಮುಂದೆ ಮೂರು ಡಯಲ್, ಸ್ಪೀಕರ್ ಅನ್ನುವುದು ಬೇರೆಯೇ ಇಟ್ಟ ಕೊಂಬು. ಬ್ಯಾಟರಿಗಳಿಗೆ ಇನ್ನೊಂದು ಜಾಗ. ಯಾಕೆಂದರೆ ಮೂರು ಥರದ ಬ್ಯಾಟರಿ ಬೇಕಿತ್ತು: ಹೀಟರಿಗೆ ಸೀಸದ ಬ್ಯಾಟರಿ, ಮೇಲಿನ ವೋಲ್ಟೇಜಿಗೆ 90 ವೋಲ್ಟ್ ಅಥವಾ ಇನ್ನೂ ಜಾಸ್ತಿಯ ಒಣ ಬ್ಯಾಟರಿ, ಗ್ರಿಡ್‌ಗೆ (ವಾಲ್ವ್ ಒಳಗೆ ಕರೆಂಟಿನ ಹರಿವನ್ನು ಹತೋಟಿಯಲ್ಲಿಡುವ ಜಾಲರಿ) ಇನ್ನೊಂದು ಸಣ್ಣದು. ಸೀಸದ ಬ್ಯಾಟರಿ ಖಾಲಿ ಆದಾಗ ಚಾರ್ಜ್ ಮಾಡಿಸಲು ಹೊತ್ತುಕೊಂಡು ಹೋಗಬೇಕು, ಒಳಗೆ ಆಸಿಡ್. ಇಂಥದ್ದನ್ನು ಚಂದದ ಒಂದೇ ಡಬ್ಬದಲ್ಲಿ ಇಡುವುದು ಹೇಗೆ?

ಮನೆ ಕರೆಂಟಿನಿಂದಲೇ ನಡೆಯುವ ಸೆಟ್ ಬಂದಾಗ ಎಲ್ಲ ಒಂದೇ ಡಬ್ಬಕ್ಕೆ ಸೇರಿತು. ಕೆಳಗೆ ಭಾರದ ಚಾಸಿ, ಮೇಲೆ ಸ್ಪೀಕರ್. ಹಾಗಾಗಿ ಎತ್ತರದ, ತುದಿ ಕಮಾನಾದ ರೂಪ. 1930ರ ದಶಕದ ಆರಂಭದ ಫಿಲ್ಕೊ ಸೆಟ್‌ಗಳು ನೆನಪಾಗುತ್ತವೆ. ಮುಂದೆ ಸ್ಪೀಕರ್ ಪಕ್ಕಕ್ಕೆ ಸರಿಯಿತು, ಡಬ್ಬ ಅಡ್ಡಲಾಗಿ ಅಗಲ ಆಯ್ತು. ಟ್ರಾನ್ಸ್‌ಫಾರ್ಮರ್ ತೆಗೆದಾಗ ಮೂಲೆಶೆಲ್ಫ್ ಅವರ ಪುಟ್ಟ ಸೆಟ್ ಸಾಧ್ಯ ಆಯ್ತು. ಹಿಂದಿನ ರಟ್ಟಿನ ಸಾಲು ತೂತುಗಳು ಕೂಡ 30, 40 ವ್ಯಾಟ್ ಬಿಸಿ ಹೊರಗೆ ಹೋಗಲು ಇರುವುದು. ಅದನ್ನು ಗೋಡೆಗೆ ಒತ್ತಿ ಇಡಬಾರದು.

ಗಿರಕಿ
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ರೂಪ ನೋಡಿ ಕರೆಂಟ್ ಹೇಳಲು ಹೋದರೆ ಮೋಸ ಹೋಗುತ್ತೀರಿ. 1933ರಲ್ಲಿ ಜರ್ಮನಿಯಲ್ಲಿ ಬಂದ ವಿಇ301 ಅನ್ನೇ ತಗೊಳ್ಳಿ. ಎಸಿಗೆ ಒಂದು, ಡಿಸಿಗೆ ಒಂದು, ಬ್ಯಾಟರಿಗೆ ಒಂದು, ಆಮೇಲೆ ಎರಡಕ್ಕೂ ನಡೆಯುವ ಇನ್ನೊಂದು. ಹೆಸರಿನ ಕೊನೆಯ ಅಕ್ಷರ ಮಾತ್ರ ಬೇರೆ. ದೂರದಿಂದ ನೋಡಿದರೆ ಎಲ್ಲ ಅಣ್ಣತಮ್ಮಂದಿರು.

ಮತ್ತೆ ಚಂದಕ್ಕಾಗಿಯೇ ಮಾಡಿದ್ದೂ ಇದೆ. 1934ರ ಎಕ್ಕೊ ಎಡಿ65, ವೆಲ್ಸ್ ಕೋಟ್ಸ್ ಅನ್ನುವ ವಾಸ್ತುಶಿಲ್ಪಿ ರೂಪಿಸಿದ್ದು, ಪೂರ್ತಿ ದುಂಡು. ಅದಕ್ಕೆ ಯಾವ ವೋಲ್ಟೇಜ್ ಕಾರಣ ಹೇಳುತ್ತೀರಿ?

ತಂತಿಬೇಲಿ
ಅದಕ್ಕೆ ಬೇಕಲೈಟೇ ಕಾರಣ! ಮರದಲ್ಲಿ ಆ ದುಂಡು ಮಾಡಿ ನೋಡಲಿ. ಅಚ್ಚಿಗೆ ಒತ್ತುವ ವಸ್ತು ಬಂದದ್ದರಿಂದ ದುಂಡು ಬಂತು. ಆದರೆ ನಿಮ್ಮ ಮಾತಲ್ಲೂ ನಿಜ ಇದೆ, ಹಿಂದಿನ ಚೀಟಿ ಓದದೆ ಪ್ಲಗ್ ಮುಟ್ಟಬಾರದು.

ಮರದಪುಡಿ
ಬಣ್ಣದ ಕಥೆ ಕೇಳಿ. ಬೇಕಲೈಟ್ ಬಹುಪಾಲು ಕಂದು ಅಥವಾ ಕಪ್ಪು, ತಿಳಿ ಬಣ್ಣ ಅದಕ್ಕೆ ಒಗ್ಗುವುದಿಲ್ಲ. ಆಮೇಲೆ ಕ್ಯಾಟಲಿನ್ ಅನ್ನುವ ಬಣ್ಣದ ರಾಳ ಬಂತು. ಅಮೃತಶಿಲೆಯ ಹಾಗೆ ಗೆರೆ, ಕೆಂಪು, ಹಸಿರು, ಹಳದಿ. ಫಾಡಾ ಕಂಪನಿಯ ಒಂದು ಬದಿ ದುಂಡಗಿರುವ ಸೆಟ್ ಚಿತ್ರ ನೋಡಿರುತ್ತೀರಿ. ಬೆಣ್ಣೆ ಕಾಯಿಸಿದ ಬಣ್ಣದ್ದು ಅಂತ ಈಗ ಜನ ಕೊಂಡಾಡುವ ಸೆಟ್‌ಗಳಲ್ಲಿ ಎಷ್ಟೋ ಹುಟ್ಟಿದಾಗ ಬಿಳಿ ಇದ್ದವು. ಬೆಳಕಿಗೆ, ವಯಸ್ಸಿಗೆ ಹಳದಿಯಾದವು. ನೀಲಿ ಇದ್ದದ್ದು ಹಸಿರು ಆಯ್ತು. ಪಾಲಿಶ್ ಮಾಡಿದರೆ ಮೇಲಿನ ಹಳದಿ ಹೋಗಿ ಹಳೇ ಬಣ್ಣ ಇಣುಕುತ್ತದೆ. ತೆಗೆಯಬೇಕಾ ಬಿಡಬೇಕಾ ಅಂತ ನಮ್ಮಲ್ಲಿ ಇವತ್ತಿಗೂ ಜಗಳ. ನಾನು ಬಿಡುವ ಪಕ್ಷ.

ಹೊಸಹುಡುಗ
ಒಂದು ಮಾತು ಕೇಳಲಾ? ಒಳಗಿನದೆಲ್ಲ ತೆಗೆದು ಬ್ಲೂಟೂತ್ ಬೋರ್ಡ್ ಹಾಕಿದರೆ 5 ವೋಲ್ಟ್‌ನಲ್ಲಿ ನಡೆಯುತ್ತದೆ. ಶಾಕ್ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ. ನೋಡಲು ಹಾಗೇ ಇರುತ್ತದೆ.

ಗಿರಕಿ
ದಯವಿಟ್ಟು ಬೇಡ.

ನಾಕನೇಬ್ಯಾಂಡ್
ಬೇಡ ಅಂದರೆ ಹೇಗೆ ಸರ್? ಎಷ್ಟೋ ಕಡೆ ಮಧ್ಯಮ ತರಂಗದ ಸ್ಟೇಶನ್‌ಗಳೇ ನಿಲ್ಲುತ್ತಿವೆ. ಇರುವ ಸ್ಟೇಶನ್ ಕೇಳೋಣ ಅಂದರೆ ಎಲ್‌ಇಡಿ ಬಲ್ಬ್, ಚಾರ್ಜರ್‌ಗಳ ಗರಗರ. ಶೆಲ್ಫಿನಲ್ಲಿ ಮೂಕವಾಗಿ ಕೂರುವುದಕ್ಕಿಂತ ಏನೋ ಒಂದು ಹಾಡಲಿ. ಡಬ್ಬ ಒಡೆದಿದ್ದು, ಚಾಸಿ ತುಕ್ಕು ಹಿಡಿದಿದ್ದು ಆದರೆ ನಾನೇ ಹಾಗೆ ಮಾಡಿದ್ದೇನೆ.

ಗಿರಕಿ
ಚಾಸಿ ಸತ್ತಿದ್ದರೆ ನನ್ನ ತಕರಾರಿಲ್ಲ. ಬದುಕಿರುವುದರ ಕರುಳು ತೆಗೆಯಬೇಡಿ ಅನ್ನುವುದಷ್ಟೇ. ಆ ಐದು ವಾಲ್ವ್ ಮತ್ತೆ ಅದೇ ಕ್ರಮದಲ್ಲಿ ಯಾರೂ ಜೋಡಿಸುವುದಿಲ್ಲ.

ಬೆಸುಗೆಕಡ್ಡಿ
ನಡುವಿನ ದಾರಿ ಇದೆ. ದೊಡ್ಡ ಸೆಟ್‌ಗಳ ಹಿಂದೆ ಗ್ರಾಮಫೋನ್ ಗುರುತಿನ ಸಾಕೆಟ್ ಇರುತ್ತದೆ. ಹಸಿರುಕಣ್ಣು ಅವರ ಸೆಟ್ಟಿನಂತೆ ಟ್ರಾನ್ಸ್‌ಫಾರ್ಮರ್ ಇದ್ದು ಚಾಸಿ ಕರೆಂಟಿನಿಂದ ಬೇರೆಯಾಗಿದ್ದರೆ ಅಲ್ಲಿ ಫೋನಿನ ದನಿ ಕೊಡಬಹುದು. ಮೂಲೆಶೆಲ್ಫ್ ಅವರಂಥ ಸೆಟ್ಟಿಗೆ ಫೋನಿನ ವೈರ್ ಯಾವತ್ತೂ ಸೇರಿಸಬಾರದು. ಚಾಸಿಯ ಕರೆಂಟ್ ಫೋನಿಗೆ, ಫೋನಿನಿಂದ ಕೈಗೆ. ಅಂಥದ್ದಕ್ಕೆ ಒಂದು ಪುಟ್ಟ ಎಎಂ ಟ್ರಾನ್ಸ್‌ಮಿಟರ್ ಸೆಟ್ಟಿನ ಪಕ್ಕ ಇಟ್ಟರೆ ಸಾಕು. ಅದಕ್ಕೆ ನಿಮ್ಮಲ್ಲಿ ಕಾನೂನಿನ ಮಿತಿ ಏನಿದೆ ನೋಡಿಕೊಳ್ಳಿ. ಸೆಟ್ಟಿಗೆ ಒಂದು ತಂತಿಯೂ ತಾಗುವುದಿಲ್ಲ, ಗುಂಡಿ ತಿರುಗಿಸಿ ಹುಡುಕುವ ಸುಖವೂ ಉಳಿಯುತ್ತದೆ.

ಲೆಕ್ಕಿಗ
ಖರ್ಚಾಗುವ ವ್ಯಾಟಿನ ಮಾತು ಬಂದರೆ ನನಗೆ ಕೈ ಸುಮ್ಮನಿರುವುದಿಲ್ಲ. 45 ವ್ಯಾಟ್ ಸೆಟ್ ದಿನಕ್ಕೆ 4 ಗಂಟೆ ಹಾಕಿದರೆ 30 ದಿನಕ್ಕೆ 5.4 ಯೂನಿಟ್. ಟ್ರಾನ್ಸಿಸ್ಟರ್ ಸೆಟ್ 6 ವೋಲ್ಟ್‌ನಲ್ಲಿ 15 ಮಿಲಿಆಂಪ್ ತಗೊಂಡರೆ 0.09 ವ್ಯಾಟ್. 500 ಪಟ್ಟು ವ್ಯತ್ಯಾಸ. ಟ್ರಾನ್ಸಿಸ್ಟರಿಗೆ ಹೀಟರ್ ಬೇಡ, ಅದೇ ಗುಟ್ಟು. ಬೆಲ್ ಲ್ಯಾಬ್ಸ್‌ನಲ್ಲಿ 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು, 1954ರಲ್ಲಿ ರೀಜೆನ್ಸಿ ಟಿಆರ್–1 ಜೇಬಿಗೆ ಬಂತು, ನಾಲ್ಕೇ ಟ್ರಾನ್ಸಿಸ್ಟರ್, 22.5 ವೋಲ್ಟ್ ಬ್ಯಾಟರಿ.

ತಂತಿಬೇಲಿ
ಏನೂ ಕರೆಂಟ್ ಬೇಡದ್ದೂ ಇದೆಯಲ್ಲ. ಗಲೀನಾ (ಸೀಸದ ಅದಿರು) ಹರಳಿಗೆ ಸಣ್ಣ ತಂತಿಯ ತುದಿ ತಾಗಿಸಿ ಕೇಳುವ ಸೆಟ್. ಸ್ಟೇಶನ್ ಕಳಿಸಿದ ಅಲೆಯ ಬಲವೇ ಕಿವಿಯ ಫೋನನ್ನು ಅಲುಗಿಸುತ್ತದೆ. ಗಲೀನಾ ಹರಳಿನ ಡಿಟೆಕ್ಟರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಜಗದೀಶಚಂದ್ರ ಬೋಸ್.

ನಾಕನೇಬ್ಯಾಂಡ್
ನನ್ನ ಹತ್ತಿರ ಸೂಟ್‌ಕೇಸ್ ಆಕಾರದ ಬ್ಯಾಟರಿ ವಾಲ್ವ್ ಸೆಟ್ ಇದೆ. ಡಿಕೆ91, ಡಿಎಫ್91, ಡಿಎಎಫ್91, ಡಿಎಲ್92. ಹೀಟರಿಗೆ 1.5 ವೋಲ್ಟ್, ನಾಲ್ಕೂ ಸೇರಿ 250 ಮಿಲಿಆಂಪ್, ಮೇಲೆ 90 ವೋಲ್ಟ್. ಆ 90ರ ಬ್ಯಾಟರಿ ಈಗ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. 9 ವೋಲ್ಟಿನ ಹತ್ತು ಬ್ಯಾಟರಿ ಒಂದರ ಬೆನ್ನಿಗೆ ಒಂದು ಚಟಚಟ ಸಿಕ್ಕಿಸಿದೆ, 90 ಆಯ್ತು! ಹಳೇ ಬ್ಯಾಟರಿಯ ಖಾಲಿ ರಟ್ಟಿನ ಡಬ್ಬದೊಳಗೇ ಕೂರಿಸಿದೆ. ಬಾಗಿಲು ತೆರೆದರೆ ಹಿಂದಿನ ಹಾಗೇ ಕಾಣುತ್ತದೆ.

ಬೆಸುಗೆಕಡ್ಡಿ
ಚೆಂದ. ಆದರೆ 90 ವೋಲ್ಟ್ ಡಿಸಿ ಕೂಡ ಕೈಗೆ ಕಚ್ಚುತ್ತದೆ, ತುದಿಗಳಿಗೆ ಟೇಪ್ ಸುತ್ತಿ. 90ರ ತಂತಿಯನ್ನು ತಪ್ಪಿ ಹೀಟರಿಗೆ ತಾಗಿಸಿದರೆ ನಾಲ್ಕೂ ವಾಲ್ವ್ ಒಂದೇ ಕ್ಷಣದಲ್ಲಿ ಹೋಗುತ್ತವೆ.

ಹಸಿರುಕಣ್ಣು
ಕರೆಂಟ್ ಬಾರದ ಹೊಲಮನೆಗಳಲ್ಲಿ ಏನು ಮಾಡುತ್ತಿದ್ದರು?

ತಂತಿಬೇಲಿ
1930ರ ದಶಕದ ಅಮೆರಿಕದಲ್ಲಿ 6 ವೋಲ್ಟ್ ಬ್ಯಾಟರಿಯ ರೇಡಿಯೊ, ಛಾವಣಿ ಮೇಲೆ ವಿನ್‌ಚಾರ್ಜರ್ ಅನ್ನುವ ಗಾಳಿ ರೆಕ್ಕೆ. ಗಾಳಿ ಬೀಸಿದರೆ ಬ್ಯಾಟರಿ ತುಂಬುತ್ತಿತ್ತು. ಝೆನಿತ್ ಕಂಪನಿ ತನ್ನ ಸೆಟ್ ಜೊತೆ ಅದನ್ನೂ ಮಾರುತ್ತಿತ್ತು. 6 ವೋಲ್ಟನ್ನು ಮೇಲಕ್ಕೆ ಏರಿಸಲು ಒಳಗೆ ವೈಬ್ರೇಟರ್, ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಹಳೇ ಕಾರ್ ರೇಡಿಯೊಗಳಲ್ಲೂ ಅದೇ.

ಮೂಲೆಶೆಲ್ಫ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸುರುಳಿಯ 100 ವಿಎ ಟ್ರಾನ್ಸ್‌ಫಾರ್ಮರ್ ತಂದೆ, ಮೀಟರ್‌ನಲ್ಲಿ ಪರೀಕ್ಷೆ ಮಾಡಿದೆ, ಸಂಬಂಧ ಇಲ್ಲ. ಗುಂಡಿ ಸಿಕ್ಕಿತು. ಇನ್ನು ಹಾಕಬಹುದಾ?

ಬೆಸುಗೆಕಡ್ಡಿ
ಇನ್ನೂ ಇಲ್ಲ. ಒಳಗಿನ ಮೇಣದ ಕಾಗದ ಕೆಪಾಸಿಟರ್‌ಗಳು ಈಗ ಸೋರುತ್ತವೆ. ಮುಖ್ಯವಾಗಿ 50ಸಿ5ರ ಗ್ರಿಡ್‌ಗೆ ಹೋಗುವುದು. ಅದು ಸೋರಿದರೆ ಆ ವಾಲ್ವ್ ಅತಿಯಾಗಿ ಕರೆಂಟ್ ಎಳೆದು ಸುಡುತ್ತದೆ. ಅದನ್ನೂ, ಎರಡು ಫಿಲ್ಟರ್ ಕೆಪಾಸಿಟರನ್ನೂ ಬದಲಿಸಿ. ಕರೆಂಟ್ ತಂತಿಯಿಂದ ಚಾಸಿಗೆ ಕೆಪಾಸಿಟರ್ ಇದ್ದರೆ ಅದರ ಜಾಗಕ್ಕೆ ವೈ2 ದರ್ಜೆಯದು (ಕೆಟ್ಟರೂ ಶಾರ್ಟ್ ಆಗದ ಹಾಗೆ ಮಾಡಿದ್ದು) ಮಾತ್ರ. ಬಟ್ಟೆ ವೈರ್ ಬೆಂಡಾದ ಕಡೆ ಒಳಗಿನ ರಬ್ಬರ್ ಪುಡಿ ಆಗಿರುತ್ತದೆ, ಅದನ್ನೂ ಬದಲಿಸಿ. ಒಂದು ಎಚ್ಚರ: ಇನ್ನೂ ಹಳೆಯ ಕೆಲವು ಸೆಟ್‌ಗಳಲ್ಲಿ ವೈರೇ ರೆಸಿಸ್ಟರ್, ಒಳಗೆ ಮೂರನೇ ತಂತಿ ಇರುತ್ತದೆ, ಮುಟ್ಟಿದರೆ ಬಿಸಿ. ಅದನ್ನು ಕತ್ತರಿಸಿ ಗಿಡ್ಡ ಮಾಡಿದರೆ ಹೀಟರ್‌ಗಳಿಗೆ ಜಾಸ್ತಿ ವೋಲ್ಟ್ ಹೋಗುತ್ತದೆ. ನಿಮ್ಮ ವಾಲ್ವ್‌ಗಳ ಮೊತ್ತ 120ರ ಹತ್ತಿರ ಬಂದರೆ ಆ ಚಿಂತೆ ಇಲ್ಲ.

ಬೆಸುಗೆ ಕೈ ಪಳಗಿಲ್ಲದಿದ್ದರೆ ಬಲ್ಲವರ ಪಕ್ಕ ಕೂತು ಮಾಡಿಸಿ. ಮೊದಲ ಸಲ ಹಾಕುವಾಗ ಟ್ರಾನ್ಸ್‌ಫಾರ್ಮರಿಗೆ ಹೋಗುವ ತಂತಿಯಲ್ಲಿ 60 ವ್ಯಾಟಿನ ಹಳೇ ಥರದ ತಂತಿ ಬಲ್ಬ್ ಸರಣಿಯಲ್ಲಿ ಇರಲಿ. ಎಲ್‌ಇಡಿ ನಡೆಯದು. ಬಲ್ಬ್ ಜೋರಾಗಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್. ಉರಿದು ಮಂದ ಆದರೆ ಒಳ್ಳೆಯದು.

ನಾಕನೇಬ್ಯಾಂಡ್
ಸ್ಪೀಕರ್ ಬಿಚ್ಚಿಟ್ಟು ಹಾಕಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಮೂಲೆಶೆಲ್ಫ್
ಮೂರು ವಾರ ಆಯ್ತು. ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಕೆಪಾಸಿಟರ್ ಬದಲಿಸಿಕೊಟ್ಟರು. ವಾಲ್ವ್‌ಗಳು ಬೆಸುಗೆಕಡ್ಡಿ ಅವರು ಹೇಳಿದ ಐದೇ.

ನಿನ್ನೆ ರಾತ್ರಿ ಹಾಕಿದೆವು. ಸರಣಿಯ ಬಲ್ಬ್ ಒಮ್ಮೆ ಬೆಳಗಿ ಮಂದ ಆಯ್ತು. ಆಮೇಲೆ ಅದನ್ನು ತೆಗೆದು ಹಾಕಿದಾಗ ಡಯಲ್ ಬಲ್ಬ್ ಫಕ್ಕನೆ ಜೋರಾಗಿ ಉರಿದು, ಇಳಿದು, ಮತ್ತೆ ನಿಧಾನ ಏರಿತು. ರಟ್ಟಿನ ತೂತುಗಳಿಂದ ಕಿತ್ತಳೆ ಬೆಳಕು ಹಿಂದಿನ ಗೋಡೆ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು. ಧೂಳು ಕಾದ ವಾಸನೆ. ಮೊದಲು ಸಣ್ಣ ಗುಂಯ್, ಆಮೇಲೆ ಯಾರೋ ದೂರದಲ್ಲಿ ಸುದ್ದಿ ಓದುವ ದನಿ. ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಇದೇ ದನಿ" ಅಂದರು.

ಡಯಲ್ ಬಲ್ಬ್ ಹಾಗೆ ಏರಿಳಿಯುವುದು ಸರಿಯಾ?

ಬೆಸುಗೆಕಡ್ಡಿ
ಸರಿಯೇ. ತಣ್ಣಗಿರುವ ಹೀಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿ ಆದ ಮೇಲೆ ಇಳಿಯುತ್ತದೆ, ದನಿ ಶುರುವಾದಾಗ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್, ಇಲ್ಲಿ 35ಡಬ್ಲ್ಯೂ4) ಮೂಲಕ ಹರಿಯುವ ಕರೆಂಟ್ ಸೇರಿ ಮತ್ತೆ ಏರುತ್ತದೆ. ಆ ಬಲ್ಬ್ 35ಡಬ್ಲ್ಯೂ4ರ ಹೀಟರಿನ ಒಂದು ತುಂಡಿಗೆ ಕಟ್ಟಿದ್ದು. ಸುಟ್ಟರೆ ಹಾಗೇ ಬಿಟ್ಟು ನಡೆಸಬೇಡಿ, ಪೂರ್ತಿ ಭಾರ ಆ ತುಂಡಿನ ಮೇಲೆ ಬಿದ್ದು ವಾಲ್ವ್ ಹೋಗುತ್ತದೆ. 47 ನಂಬರ್ ಬಲ್ಬ್, 6.3 ವೋಲ್ಟ್, 0.15 ಆಂಪಿಯರ್. ಎರಡು ತಂದಿಟ್ಟುಕೊಳ್ಳಿ.

ಮರದಪುಡಿ
ಫೋಟೊ ಹಾಕಿ. ಪಾಲಿಶ್ ಆದ ಮೇಲಿನದು ಮಾತ್ರ ಅಲ್ಲ, ಧೂಳಿದ್ದಾಗಿನದೂ ಬೇಕು.